ಬೆಲ್ಲದ ತಪ್ಪಲ್ಲ

ಪ್ರೀತಿಯ ಅಮ್ಮಾ,

ಅಕ್ಷರ ಸೊಟ್ಟಗಿದೆ, ತಪ್ಪೂ ಇರಬಹುದು, ಬೈಯಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಬಟ್ಟೆ ಹೊಲಿದಷ್ಟು ಸಲೀಸಾಗಿ ಬರೆಯುವುದಿಲ್ಲ. ತಂಗಿ ಸುಮಾಗೆ ಕೊಟ್ಟರೆ ತಿದ್ದುತ್ತಾಳೆ. ಆದರೆ ಇದು ನಮ್ಮಿಬ್ಬರದೇ ಮಾತು.

ಆ ಬೇಸಿಗೆ ನೆನಪಿದೆಯಾ? ಒಂಬತ್ತು ವರ್ಷದ ಸುಮಾ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. "ಉಷ್ಣ ಆಗಿದೆ ಮಗೀಗೆ" ಅಂದೆ ನೀನು. ಬಾಯಾರಿ ಬಂದವರಿಗೆ ನೀನು ಯಾವತ್ತು ಬರೀ ನೀರು ಕೊಟ್ಟಿದ್ದೆ? ಜೊತೆಗೊಂದು ತುಂಡು ಬೆಲ್ಲ ಇರಲೇಬೇಕು. ಮಗಳಿಗೂ ಹಾಗೇ ಕೊಟ್ಟೆ, ಕೇಳಿದಾಗಲೆಲ್ಲ. ಹದಿನೈದು ದಿನಕ್ಕೆ ಅವಳು ಎಚ್ಚರ ತಪ್ಪಿದಳು.

ತೀರ್ಥಹಳ್ಳಿಯ ಆಸ್ಪತ್ರೆಯ ಬೆಂಚನ್ನು ನಾನು ಮರೆತಿಲ್ಲ. ಸಕ್ಕರೆ ಕಾಯಿಲೆ, ಇನ್ನು ಜೀವಮಾನವಿಡೀ ಇನ್ಸುಲಿನ್ ಅಂದರು. "ನೀನೇ ಬೆಲ್ಲ ತಿನ್ಸಿ ತಿನ್ಸಿ ಹೀಗ್ ಮಾಡ್ದೆ" ಅಂದುಬಿಟ್ಟೆ ನಾನು. ನೀನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಯಾಕಮ್ಮಾ, ತಿರುಗಿ ಒಂದು ಏಟು ಹಾಕಲಿಲ್ಲ? ನೀನು ಸಾಯುವ ವಾರವೂ ಸುಮಾಳ ಕೈ ಹಿಡಿದು "ನನ್ನಿಂದಾಯ್ತು ಮಗಾ" ಅಂದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅಲ್ಲ ಅನ್ನಬಹುದಿತ್ತು. ಆದರೆ ನನಗಾದರೂ ಏನು ಗೊತ್ತಿತ್ತು…

ಹೋದ ತಿಂಗಳು, ಸುಮಾಳನ್ನು ಈಗ ತೋರಿಸುವ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಿಂದ ನನಗೂ ಕರೆ ಬಂತು. ಒಡಹುಟ್ಟಿದವರಿಗೂ ಈ ಕಾಯಿಲೆ ಬರಬಹುದಂತೆ. ಬರುವ ಮೊದಲೇ ಹೊರಗಿನಿಂದ ಕಾಣುತ್ತದಾ ಅಂತ ಹೊಸ ಬಗೆಯ ಸ್ಕ್ಯಾನಿಂಗ್ ಮಾಡಿ ನೋಡುತ್ತಿದ್ದಾರೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಆದರೆ ಏನೂ ತಿನ್ನದೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಆಗುಂಬೆ ಘಾಟಿ ಇಳಿದವರಿಗೇ ಗೊತ್ತು ಆ ಕಷ್ಟ!

ಟಾಪ್ ಮೇಲೆತ್ತಿ ಅಂದಾಗ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚಿದರು. ಉಸಿರು ಹಿಡಿಯಿರಿ ಅಂದರು, ಹಿಡಿದೆ. "ಬಿಡಿ ಮಾರಾಯ್ರೇ, ಸಾಕು!" ಅಂತ ನರ್ಸ್ ನಕ್ಕಾಗಲೇ ಬಿಟ್ಟಿದ್ದು. ಡಾಕ್ಟ್ರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಬ್ಬಿನ ನಡುವೆ ಕೆಂಪು, ನೀಲಿ ಮಿಣುಕು. "ಇದು ನಿಮ್ಮ ರಕ್ತ ಓಡ್ತಿರೋದು. ಹೊಟ್ಟೆ ಹಿಂದಿನ ಈ ಗ್ರಂಥಿನೇ ಇನ್ಸುಲಿನ್ ಮಾಡೋದು."

ಏಳು ವರ್ಷ ಗಂಟಲಲ್ಲಿದ್ದದ್ದು ಆಗ ಹೊರಗೆ ಬಂತು. "ಮೇಡಂ, ಬೆಲ್ಲ ತಿಂದ್ರೆ ಇದು ಹಾಳಾಗತ್ತಾ?"

"ಯಾರ್ರೀ ಹಾಗಂದಿದ್ದು?"

"ನಾನೇ… ನಮ್ಮಮ್ಮಂಗೆ."

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೂತರು. ಸುಮಾಗೆ ಬಂದಂಥ ಕಾಯಿಲೆಯಲ್ಲಿ ಮೈಯ ಕಾವಲು ಶಕ್ತಿಯೇ ದಾರಿ ತಪ್ಪಿ ಆ ಗ್ರಂಥಿಯ ಮೇಲೆ ಬೀಳುತ್ತದಂತೆ. ಅಲ್ಲಿನ ರಕ್ತದ ಓಟವೂ ಆಗಲೇ ಬದಲಾಗಬಹುದು. ಅವರು ಹುಡುಕುತ್ತಿರುವುದು ಅದನ್ನೇ. ಬಾಯಾರಿಕೆ ಕಾಣಿಸುವ ಹೊತ್ತಿಗೆ ಒಳಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. "ಆ ಬೆಲ್ಲ ಆಗ ಸಕ್ಕರೆ ಏರಿಸಿರಬಹುದು, ಸುಳ್ಳು ಹೇಳಲ್ಲ. ಆದ್ರೆ ಕಾಯಿಲೆ ತಂದಿದ್ದು ನಿಮ್ಮಮ್ಮ ಅಲ್ಲ."

ಕೇಳಿಸಿತಾ ಅಮ್ಮಾ? ನೀನಲ್ಲ.

ನನ್ನದು ಸದ್ಯಕ್ಕೆ ಚೆನ್ನಾಗಿಯೇ ಕಾಣುತ್ತಿದೆಯಂತೆ. ಒಂದು ಚಿತ್ರ ನೋಡಿ ಏನೂ ಹೇಳಲಾಗದು, ಇನ್ನೂ ಕಲಿಯುತ್ತಿದ್ದೇವೆ, ಮತ್ತೆ ಬನ್ನಿ ಅಂದರು. ಹೋಗುತ್ತೇನೆ. ಮನೆಗೆ ಬಂದು ಸುಮಾಗೆ ಎಲ್ಲ ಹೇಳಿದೆ. "ಅಮ್ಮ ಇದ್ದಿದ್ರೆ…" ಅಂದವಳು ಎದ್ದು ಹಿತ್ತಲಿಗೆ ಹೋದಳು.

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗಿದ್ದೆ. ಹೊಸನಗರದಿಂದ ಬಂದಿರುವ ಅತ್ತೆಯೂ, ನಿನ್ನ ನಾದಿನಿ, ಜೊತೆಗಿದ್ದಳು. ಯಾರೋ ಸುಮಾ ಹೇಗಿದ್ದಾಳೆ ಅಂದರು. ಅತ್ತೆ ಶುರು ಮಾಡಿದಳು: "ಎಂತ ಹೇಳೋದು, ನಮ್ಮತ್ತಿಗೆ ಬೆಲ್ಲ ತಿನ್ಸಿ…"

"ಅಲ್ಲ ಅತ್ತೆ. ಬೆಲ್ಲದಿಂದ ಬಂದಿದ್ದಲ್ಲ ಅದು. ಅಮ್ಮಂದೇನೂ ತಪ್ಪಿಲ್ಲ."

"ಓಹೋ, ನಿಂಗೂ ಬಾಯಿದ್ಯನೇ!"

ಹಾಲು ಅಳೆಯುವವನು ಕೈ ನಿಲ್ಲಿಸಿ ನೋಡಿದ. ಸಾಲಿನ ಕೊನೆಯಲ್ಲಿದ್ದವರಿಗೂ ಕೇಳಲಿ ಅಂತ ನಾನು ಇನ್ನೊಮ್ಮೆ ಹೇಳಿದೆ.