ಕೆಳಗೆ ನೋಡುವ ಹಿಮಚಿರತೆ

ನಾರಿನ್
ಆಗಸ್ಟ್ ೯

ನನ್ನ ಮುದ್ದಿನ ಮೈರಾಮ್,

ನಿನ್ನ ಎರಡೂ ಕೆನ್ನೆಗೆ ಅಕ್ಕನ ಮುತ್ತು. ಇವತ್ತು ನಿನ್ನ ಕಾಗದ ಬಂತು. ಶಬ್ದಾನ್‌ನ ತಾಯಿ ಬಿಷ್ಕೆಕ್‌ಗೇ ಬಂದು, ನಿನ್ನ ಕಿವಿಗೆ ಓಲೆ ತೊಡಿಸಿ ಮದುವೆ ಗೊತ್ತುಮಾಡಿ ಹೋದಳೆಂದು ಓದಿದೆ. ಖುಷಿಪಡಬೇಕಿತ್ತು. ಆದರೆ ಆ ಹುಡುಗನ ಮೇಲೆ ನನಗೆ ಅನುಮಾನವಿದೆ. ಹರಿದು ಬಿಸಾಡದೆ ಕೊನೆತನಕ ಓದು.

ಹೋದ ವಾರ, ಪ್ಯಾರಾಚೂಟ್ ಸೈನಿಕರ ಹಬ್ಬದ ದಿನ, ಅವನು ನಮ್ಮ ಮನೆಗೆ ಬಂದಿದ್ದ. ನೀಲಿ ಟೋಪಿ, ಪಟ್ಟೆ ಬನಿಯನ್, ತೋಳಿನ ಮೇಲೆ ನಿನ್ನ ಭಾವ ಕುಬಾತ್ ಇದ್ದ ಪಡೆಯದೇ ಲಾಂಛನ. ಅವರು ತೀರಿಹೋದ ಮೇಲೆ ಅದು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ನನಗೆ ಅಳು ಬಂತು. ಆದರೆ ಚಹಾ ಕೊಡಲು ಬಗ್ಗಿದಾಗ ಹತ್ತಿರದಿಂದ ಕಂಡಿತು ನೋಡು, ಅಳು ಅಲ್ಲೇ ನಿಂತಿತು.

ಆ ಲಾಂಛನವನ್ನು ನಾನೇ ಎಷ್ಟು ಸಲ ಅವರ ಅಂಗಿಗೆ ಹೊಲಿದಿದ್ದೇನೆ. ನೀಲಿ ಎಂದರೆ ಆಕಾಶ. ಅದರಲ್ಲಿ ಬಿಳಿ ಛತ್ರಿ, ಛತ್ರಿಯ ಕೆಳಗೆ ಹಿಮಚಿರತೆ. ಚಿರತೆ ಬಾಯಿ ಮುಚ್ಚಿ ಕೆಳಗೆ ನೋಡುತ್ತದೆ. ಹಾರಿದವನ ಕಣ್ಣು ಶತ್ರುವಿನ ಮೇಲಲ್ಲ, ಕಾಲೂರುವ ನೆಲದ ಮೇಲಿರಬೇಕೆಂದು ಅದರ ಅರ್ಥ. ಅದರ ಪಂಜದಲ್ಲಿರುವುದು ನಾವು ಮನೆಗೆ ಹೊಗೆ ಹಾಕುತ್ತೇವಲ್ಲ, ಆ ಅರ್ಚಾ ಗಿಡದ ಕೊಂಬೆ. ಹಾರಿ ಹಿಂತಿರುಗದವರ ನೆನಪಿಗೆ. ಮೊದಲ ಸಲ ಹಾರಿ ಇಳಿದ ದಿನ ಲಾಂಛನ ಕೈಗಿಡುವಾಗ ಇದನ್ನೆಲ್ಲ ಹೇಳುತ್ತಾರೆ, ಅದಕ್ಕೆ ಮೊದಲು ಯಾವ ಸೈನಿಕನಿಗೂ ಹೇಳುವುದಿಲ್ಲ. ಕುಬಾತ್ ಹೇಳಿದ್ದರಿಂದ ನನಗೆ ಗೊತ್ತು.

ಶಬ್ದಾನ್‌ನ ಚಿರತೆ ಬಾಯಿ ತೆರೆದು ನೆಟ್ಟಗೆ ನೋಡುತ್ತಿತ್ತು.

"ಇದ್ಯಾಕಪ್ಪಾ ಹೀಗ್ ನೋಡ್ತಿದೆ?" ಎಂದೆ.

"ಹೊಸಾ ಮಾದರಿ ಅಕ್ಕಾ. ಈಗ ಎಲ್ರಿಗೂ ಇದನ್ನೇ ಕೊಡೋದು."

"ಪಂಜದಲ್ಲಿರೋ ಕೊಂಬೆ?"

"ಅದಾ? ಚಂದ ಕಾಣ್ಲಿ ಅಂತ ಹಾಕಿರ್ತಾರೆ."

ಇವನು ಹೆಸರೂ ಸುಳ್ಳು ಹೇಳಿರಬಹುದು, ಎಲ್ಲೋ ಹೆಂಡತಿ ಮಕ್ಕಳೂ ಇರಬಹುದು ಎಂದು ನನ್ನ ತಲೆ ಏನೇನೋ ಹೆಣೆಯಿತು. ಮಾರನೆಯ ದಿನ ಜುಮಾಶ್ ಅಜ್ಜನ ಮನೆಗೆ ಹೋದೆ. ಆ ಪಡೆಯ ಹುಡುಗರಿಗೆಲ್ಲ ಹಾರುವುದನ್ನು ಕಲಿಸಿದವರು ಅವರೇ. ನೀನು ಕಳುಹಿಸಿದ್ದ ಶಬ್ದಾನ್‌ನ ಫೋಟೊ ತೋರಿಸಿದೆ.

"ಇವ್ನಾ! ಪಾಪದ ಹುಡುಗ ಕಣಮ್ಮಾ," ಎಂದರು. "ವಿಮಾನದ ಬಾಗಿಲಲ್ಲಿ ಕಂಬಿ ಹಿಡ್ಕೊಂಡೋನು ಬಿಡ್ಲೇ ಇಲ್ಲ. ಮತ್ತೆ ಮತ್ತೆ ಕರ್ಕೊಂಡ್ ಹೋದೆ, ಆಗ್ಲಿಲ್ಲ. ಕೊನೆಗೆ ಅಡುಗೆಮನೆಗೆ ಹಾಕಿದ್ರು."

ಶಬ್ದಾನ್‌ನನ್ನು ಕರೆಸಿ ಕೇಳಿದೆ. ಮುಖ ಸುಣ್ಣವಾಯಿತು. "ರಜೆಗೆ ಹೋದಾಗ ಅಮ್ಮ ಕುರಿ ಕಡ್ಸಿ, ಮಗ ಆಕಾಶದಿಂದ ಹಾರ್ತಾನೆ ಅಂತ ಊರಿಗೆಲ್ಲಾ ಹೇಳ್ಬಿಟ್ಟಿದ್ಲು ಅಕ್ಕಾ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಸಂತೇಲಿ ಇದನ್ನ ಕೊಂಡ್ಕೊಂಡೆ," ಎಂದ. ಅಲ್ಲೇ ಹೊಲಿಗೆ ಕಿತ್ತು ಲಾಂಛನವನ್ನು ಮೇಜಿನ ಮೇಲಿಟ್ಟ. "ಮೈರಾಮ್‌ಗೆ ನೀನೇ ಹೇಳ್ಬೇಕು" ಎಂದೆ. ತಲೆಯಾಡಿಸಿ ಹೋದ.

ಹೇಳಿಲ್ಲ. ನಿನ್ನ ಕಾಗದದಲ್ಲಿ ಮದುವೆಗೆ ಪಡೆಯ ಗೆಳೆಯರೆಲ್ಲ ನೀಲಿ ಟೋಪಿ ಹಾಕಿಕೊಂಡು ಬರುತ್ತಾರಂತೆ ಎಂದು ಸಂಭ್ರಮಪಟ್ಟಿದ್ದೀಯ. ಯಾವ ಗೆಳೆಯರು, ಮೈರಾಮ್? ಹೆದರಿದ್ದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಆದರೆ ಸತ್ತವರ ಕೊಂಬೆಯನ್ನು ತೋಳಿಗೆ ಹಚ್ಚಿಕೊಂಡು ನನ್ನ ಮನೆಯಲ್ಲೇ ಕುಳಿತು ರೊಟ್ಟಿ ಮುರಿದನಲ್ಲ! ಸಿಕ್ಕಿಬಿದ್ದ ಮೇಲೂ ನಿನ್ನೆದುರು ಬಾಯಿ ಬಿಡಲಿಲ್ಲವೆಂದರೆ ಇನ್ನೇನೇನು ಮುಚ್ಚಿಟ್ಟಿದ್ದಾನೋ. ಓಲೆ ಬಿಚ್ಚಿ ಹಿಂದಕ್ಕೆ ಕಳುಹಿಸು. ಜನ ಏನೆಂದರೂ ನಾನು ನಿನ್ನ ಜೊತೆ ನಿಲ್ಲುತ್ತೇನೆ.

ನಿನ್ನ ಅಕ್ಕ
ಊಲ್ಕಾನ್

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಬೀಳ್ಕೊಡುವಾಗ ಜುಮಾಶ್ ಅಜ್ಜ ನಗುತ್ತಾ, "ನಿನ್ ಗಂಡಾನೂ ಮೊದಲ್ನೇ ಸಲ ಅದೇ ಕಂಬಿ ಹಿಡ್ಕೊಂಡು ಗೋಳೋ ಅಂತ ಅತ್ತಿದ್ದ. ಮಾರನೇ ದಿನ ಹಾರ್ದ. ಹೇಳಿರ್ಬೇಕಲ್ಲಾ ನಿಂಗೆ?" ಎಂದರು. "ಹೂಂ, ಹೇಳಿದ್ರು" ಎಂದೆ. ಕುಬಾತ್ ನನಗೆ ಒಂದು ದಿನವೂ ಹೇಳಿರಲಿಲ್ಲ. ಓಲೆಯನ್ನು ಈಗಲೇ ಬಿಚ್ಚಬೇಡ. ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳು.