ಎಡತುದಿಯ ಎರಡು ಕೀಲಿಗಳು

೭ ಜೂನ್ ೧೯೬೬

ಬೆಳಿಗ್ಗೆ ಎರಡು ಬ್ಯಾಚ್, ಎರಡೂ ಇಂಗ್ಲಿಷ್ ಟೈಪಿಂಗ್. ಮಧ್ಯಾಹ್ನ ಓನರ್ ಬೋಜಪ್ಪನವರು ಬಸ್ಸಿನಿಂದ ಕನ್ನಡ ಟೈಪ್‌ರೈಟರ್ ಇಳಿಸಿದರು. ಮೂರ್ನಾಡಿಗೇ ಮೊದಲನೆಯದು ಎಂದು ಎದುರಂಗಡಿಗೂ ಕೇಳುವಂತೆ ಹೇಳಿದರು. ಆಫೀಸುಗಳೆಲ್ಲ ಕನ್ನಡಕ್ಕೆ ತಿರುಗುತ್ತಿವೆ, ನಮ್ಮ ಇನ್‌ಸ್ಟಿಟ್ಯೂಟೂ ತಿರುಗಲೇಬೇಕು. ಕಲಿಸುವವಳು ನಾನೇ. ಅದಕ್ಕೆ ಮೊದಲು ಕಲಿಯಬೇಕಲ್ಲ! ಕಲಿತೇನು. ಇಂಗ್ಲಿಷೇ ಬಗ್ಗಿದ ಮೇಲೆ ಇದೇನು ಮಹಾ.

೧೫ ಜೂನ್

ಮಹಾ ಹೌದು. ಪ-ಒತ್ತು, ಮ-ಒತ್ತು ಎರಡೂ ಎಡತುದಿಯ ಕೀಲಿಗಳಲ್ಲಿವೆ. ಅವು ಎಡಗೈ ಕಿರುಬೆರಳಿನ ಪಾಲು. ನನಗೆ ಆ ಬೆರಳೇ ಇಲ್ಲ — ಚಿಕ್ಕವಳಿದ್ದಾಗ ಕಾಫಿ ಹಣ್ಣು ಸುಲಿಯುವ ಪಲ್ಪರ್‌ಗೆ ಸಿಕ್ಕಿ ಹೋಯಿತು. ಇಂಗ್ಲಿಷಿನಲ್ಲಿ ಉಂಗುರಬೆರಳು ಚಾಚಿ ಸುಧಾರಿಸಿದ್ದೆ. ಇಲ್ಲಿ ಅದು ಎಟಕದು. ಪ್ಪ, ಮ್ಮ ಇಲ್ಲದ ಹೆಸರು ಈ ಸೀಮೆಯಲ್ಲಿ ಎಲ್ಲಿದೆ? ಪ್ರತಿ ಹೆಸರಿಗೂ ಕೈ ಎತ್ತಬೇಕು. ಕೈ ಎತ್ತಿದರೆ ಕಣ್ಣು ಕೀಲಿಗೆ ಇಳಿಯುತ್ತದೆ. ಕಣ್ಣಿಳಿದರೆ ಸ್ಪೀಡ್ ಸತ್ತಿತು.

೨೬ ಜೂನ್

ಶನಿವಾರಸಂತೆಯ ಮೆಕ್ಯಾನಿಕ್ ಮರುಳಸಿದ್ದಪ್ಪ ಎಣ್ಣೆ ಹಾಕಲು ಬಂದಿದ್ದರು. ಕೇಳಿಯೇ ಬಿಟ್ಟೆ — ಅಕ್ಷರದ ಅಚ್ಚುಗಳ ಜಾಗ ಬದಲಿಸಬಹುದೆ?

"ಕಾಯ್ಸಿದ್ರೆ ಬಿಟ್ಕೊಳ್ತವೆ ಕಣವ್ವ. ಎಲ್ಲಿಗ್ ಬೇಕೋ ತೋರ್ಸು, ಅಲ್ಲಿಗೇ ಬೆಸ್ದು ಕೊಡ್ತೀನಿ."

ಯಾರೂ ಮುಟ್ಟದ ಠ, ಋ ಎಡತುದಿಗೆ ಹೋದವು. ಎರಡು ಒತ್ತುಗಳೂ ಬಲಗೈಯ ಗಟ್ಟಿ ಬೆರಳುಗಳ ಕೆಳಗೆ ಬಂದವು. ಸಂಜೆಯೇ ಒಂದು ಪುಟ ಹೊಡೆದೆ. ಆಹಾ... ಮೆಷಿನ್ ನನ್ನ ಕೈಗೆ ಹುಟ್ಟಿದ ಹಾಗಿದೆ.

೪ ಸೆಪ್ಟೆಂಬರ್

ಬರೆಯಲು ಪುರುಸೊತ್ತಿಲ್ಲ. ಬೋಜಪ್ಪನವರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆತಂದು ನನ್ನ ಸ್ಪೀಡ್ ತೋರಿಸುತ್ತಾರೆ. ನನಗೂ ಖುಷಿಯೇ, ಸುಳ್ಳೇಕೆ.

ಕನ್ನಡದ ಮೊದಲ ಸ್ಟೂಡೆಂಟ್ ತಂಗಮ್ಮ ಚೆನ್ನಾಗಿ ಪಳಗಿದ್ದಾಳೆ. ಕೀಲಿಗಳ ಮೇಲೆ ಬಟ್ಟೆ ಮುಚ್ಚಿದರೂ ತಪ್ಪಿಲ್ಲ. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದಾಳೆ. ಅತ್ತಿಗೆ ಊಟಕ್ಕೊಂದು ಮಾತು ಆಡುತ್ತಾಳೆ. ಪೊನ್ನಂಪೇಟೆಯ ಒಂದು ಸೊಸೈಟಿಗೆ ಕನ್ನಡ ಟೈಪಿಸ್ಟ್ ಬೇಕಂತೆ. ಸಿಕ್ಕಿದರೆ ಮಗಳ ಜೊತೆ ಅಲ್ಲೇ ಬಾಡಿಗೆ ರೂಮು ಹಿಡಿಯುವ ಆಸೆ ಅವಳಿಗೆ. ಸಿಗುತ್ತದೆ. ಕಲಿಸಿದವಳು ನಾನು.

೨೨ ಸೆಪ್ಟೆಂಬರ್, ಮಧ್ಯಾಹ್ನ

ತಂಗಮ್ಮ ಪೊನ್ನಂಪೇಟೆಯಿಂದ ನೇರ ಇಲ್ಲಿಗೇ ಬಂದಳು. ಕೆಲಸಕ್ಕೆಂದು ಅಲ್ಲಿ ಹೊಡೆದ ಟ್ರಯಲ್ ಹಾಳೆ ಮುದುರಿ ಹಿಡಿದಿದ್ದಳು. ಬಿಡಿಸಿದೆ. ಅವಳ ಹೆಸರೇ 'ತಂಗಮಠ' ಆಗಿದೆ. ಕೆಳಗೆ ಕುಟ್ಟಪ್ಪ ಹೋಗಿ 'ಕುಟ್ಟಪಋ'.

"ಇದು ಯಾವ ಮಠ ಅಂತ ಕೇಳಿ ನಗಾಡಿದೊ ಅಕ್ಕಾ. ಬೆರಳು ಕಲ್ತದನ್ನೇ ಹೊಡ್ತ್. ನಾ ಎಂತ ಮಾಡ್ಲಿ?"

ಅವಳ ತಪ್ಪಲ್ಲ. ಅಲ್ಲಿಯ ಮೆಷಿನ್ ಲೋಕದ ಮೆಷಿನ್, ನಮ್ಮ ಒತ್ತುಗಳ ಜಾಗದಲ್ಲಿ ಅಲ್ಲಿ ಠ, ಋ. ಇಲ್ಲಿಯದು ನನ್ನೊಬ್ಬಳದು. ನನಗೆ ಬೆರಳು ಇಲ್ಲದ್ದನ್ನು ಅವಳ ಹತ್ತು ಬೆರಳಿಗೂ ಕಲಿಸಿದೆ. ಹೀಗೆಂದು ಅವಳಿಗೂ ಹೇಳಿದೆ. ಅವಳು ಅಳಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

೨೩ ಸೆಪ್ಟೆಂಬರ್

ಪೊನ್ನಂಪೇಟೆಗೆ ಹೋಗಿ ಸೆಕ್ರೆಟರಿಯನ್ನು ಕಂಡು ಇದ್ದದ್ದು ಇದ್ದಂತೆ ಹೇಳಿದೆ. ದಸರಾ ಕಳೆದ ಮೇಲೆ ಇನ್ನೊಂದು ಟ್ರಯಲ್ ಕೊಡುತ್ತೇನೆ, ಅಲ್ಲಿಯವರೆಗೆ ಬೇರೆಯವರನ್ನು ಕರೆಯುವುದಿಲ್ಲ ಅಂದರು. ಅಷ್ಟು ಸಾಕು.

ಅಚ್ಚುಗಳನ್ನು ಮೊದಲಿನ ಜಾಗಕ್ಕೇ ಹಾಕಿಸೋಣ ಅಂದದ್ದಕ್ಕೆ ಬೋಜಪ್ಪನವರು ಮಾತ್ರ ಸಿಟ್ಟಾದರು. "ನಿನ್ನ ಸ್ಪೀಡ್ ನೋಡಿಯೇ ಜನ ಸೇರ್ತಿರೋದು. ಈಗ ಹಳೇ ಥರ ಮಾಡಿದ್ರೆ ನೀನೇ ಆಮೆ ಆಗ್ತೀಯ ಹೊನ್ನಮ್ಮ!"

"ನಾನು ಆಮೆಯಾದ್ರೆ ಆಗ್ಲಿ. ನಮ್ಮಲ್ಲಿ ಕಲಿತವರು ಬೇರೆ ಕಡೆ ಹೋಗಿ ಕೂತ್ರೂ ಕೈ ಓಡ್ಬೇಕು."

ಒಪ್ಪಿದರು. ಕಾಫಿ ಮಾತ್ರ ಅರ್ಧ ಕುಡಿದು ಇಟ್ಟರು.

೧ ಅಕ್ಟೋಬರ್

ಅಚ್ಚುಗಳು ಮರಳಿ ಅವುಗಳ ಜಾಗಕ್ಕೆ ಹೋದವು. ಮರುಳಸಿದ್ದಪ್ಪನವರು ನನ್ನ ಕೈ ನೋಡಿ, ಚೀಲದಿಂದ ಒಂದು ಹಿತ್ತಾಳೆ ತಗಡು ತೆಗೆದರು. ಎಡತುದಿಯ ಕೀಲಿಗಳಿಗೆ ಎರಡು ಟೊಪ್ಪಿ ಮಾಡಿದರು. ಒಂದು ಕಡೆ ಚಾಚಿಕೊಂಡಿವೆ, ಉಂಗುರಬೆರಳಿಗೆ ಸಿಗುತ್ತವೆ. ಬೇಡವಾದರೆ ಕೈಯಲ್ಲೇ ಕಿತ್ತಿಡಬಹುದು. ಇದು ಮೊದಲೇ ಹೊಳೆಯಬಾರದಿತ್ತೆ!

ತಂಗಮ್ಮ ಬೆಳಿಗ್ಗೆ, ನಾನು ಸಂಜೆ. ಇಬ್ಬರೂ ಮರೆಯಬೇಕು, ಇಬ್ಬರೂ ಕಲಿಯಬೇಕು. ಇವತ್ತು ನಾಲ್ಕು ಕಡೆ ಠ ಬಿತ್ತು. ನನ್ನದರಲ್ಲಿ.

೩ ನವೆಂಬರ್, ಪೊನ್ನಂಪೇಟೆ ಬಸ್‌ಸ್ಟ್ಯಾಂಡ್

ಸೊಸೈಟಿಯ ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ. ಒಳಗೆ ತಂಗಮ್ಮ ಹೊಡೆಯುತ್ತಿದ್ದಳು. ಮೊದಲು ತಡವರಿಕೆ. ಆಮೇಲೆ ಒಂದೇ ಸಮನೆ ಓಟ. ಸಾಲಿನ ಕೊನೆಯ ಗಂಟೆ ಬಿದ್ದರೆ ಮರುಕ್ಷಣ ಹೊಸ ಸಾಲು. ಸೆಕ್ರೆಟರಿ ಹಾಳೆ ಓದಿದರು, ಇನ್ನೊಮ್ಮೆ ಓದಿದರು. "ಸೋಮವಾರದಿಂದ ಬನ್ನಿ." ತಂಗಮ್ಮ ತಲೆಯಾಡಿಸಿದಳು.

ಆಮೇಲೆ ಅವರು ನನ್ನ ಕಡೆ ತಿರುಗಿ, "ಟೀಚರೂ ಒಂದು ಪ್ಯಾರಾ ಹೊಡೀಬಹುದಲ್ಲ?" ಅಂದರು. ಟೊಪ್ಪಿಗಳು ಮೂರ್ನಾಡಿನಲ್ಲಿವೆ. ಇಲ್ಲಿ ಬರಿಯ ಕೀಲಿ. ಒಳಗೆ ಹೋಗಿ ಕೂತೆ. ಒತ್ತು ಬಂದಾಗೆಲ್ಲ ಕೈ ಎತ್ತಿದೆ; ನಿಧಾನ, ನಿಜ. ಆದರೆ ಕಣ್ಣು ಕೆಳಗಿಳಿಯಲಿಲ್ಲ, ತಪ್ಪೂ ಇಲ್ಲ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು, "ವಾರಕ್ಕೊಂದು ದಿನ ಇಲ್ಲೂ ಕ್ಲಾಸ್ ತೆಗೀತೀರಾ?" ಅಂದರು. ಬೋಜಪ್ಪನವರನ್ನು ಕೇಳಬೇಕು ಅಂದೆ. ಕೇಳುವುದೇನು, ನಾನಾಗಲೇ ಮನಸ್ಸಿನಲ್ಲಿ ಒಪ್ಪಿ —

ಬಸ್ಸು ಬಂತು. ತಂಗಮ್ಮ ಸೀಟು ಹಿಡಿದು ಕೂಗುತ್ತಿದ್ದಾಳೆ —