ಮಚ್ಚೆ ದಾಟಿದ ಗೆರೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಮಷೀನ್ ಚೆಕ್, ಲೇಸರ್ ಚೆಕ್, ಕಾಫಿ ಇಲ್ಲ. ನಾಲ್ಕನೇ ಪೇಷೆಂಟ್ ಒಳಗೆ ಬಂದರು — ಅಕ್ಕ. ನನ್ನ ಓರಗಿತ್ತಿ. ಎಡ ಎದೆಯ ಕ್ಯಾನ್ಸರ್. ಆಪರೇಷನ್ ಆಗಿ ಎರಡು ತಿಂಗಳು, ಈಗ ರೇಡಿಯೇಷನ್.

ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಬೇರೆ ಯಾರೂ ಇಲ್ವಾ?"

ನಾನು ಈ ಕೆಲಸಕ್ಕೆ ಸೇರಿದಾಗ, ಕ್ಯಾನ್ಸರ್ ಮುಟ್ಟಿದ ಕೈ ಎಂದು ನನ್ನನ್ನು ತಮ್ಮ ಅಡುಗೆಮನೆಗೆ ಬಿಟ್ಟುಕೊಳ್ಳದ ಮಹಾತಾಯಿ. ಈಗ ಅದೇ ಕೈ ಬೇಕು. ಮಾತು ತುಟಿಯವರೆಗೆ ಬಂತು, ನುಂಗಿದೆ.

ತೋಳು ಮೇಲೆತ್ತಿ ಮಲಗಿಸಿದೆ. ಎದೆಯ ಮೇಲಿನ ಶಾಯಿ ಗೆರೆಗೆ ಲೇಸರ್ ಗೆರೆ ಕೂಡಿಸಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ಈ ಗೆರೆ ಅಳಿಸಬಾರದು ಅಕ್ಕ. ಸೋಪು ಹಾಕ್ಬೇಡಿ. ಮಾಸಿದ್ರೆ ನಾವೇ ತಿದ್ತೀವಿ."

ಅಕ್ಕ ಆಗಲೇ ಕಣ್ಣು ಮುಚ್ಚಿಕೊಂಡಿದ್ದರು.

ಮಾರ್ಚ್ 6

ಇವತ್ತು ಮಲಗಿದಲ್ಲೇ ಮಾತಾಡಿದರು, ಚಾವಣಿ ನೋಡುತ್ತಾ.

"ಗುರುತಿಲ್ಲದವರು ನೋಡಿದ್ರೆ ನೋಡಿ ತಮ್ಮ ಮನೇಗೆ ಹೋಗ್ತಾರೆ. ನೀನು ನೋಡಿದ್ರೆ ನನ್ನ ಮನೇಗೇ ಬರ್ತೀಯ."

"ಅಲ್ಲಾಡ್ಬೇಡಿ" ಎಂದೆ. ಅಷ್ಟೇ ನನ್ನ ಕೆಲಸ.

ಮಾರ್ಚ್ 8

ಗೆರೆ ಮಾಸಿತ್ತು. ಎದೆಯ ಪುಟ್ಟ ಮಚ್ಚೆಯ ಆಚೆ, ಮೊದಲಿದ್ದಲ್ಲೇ ತಿದ್ದಿದೆ. ಫೈಲಿನಲ್ಲಿ ನನ್ನ ಸಹಿ. ಸೋಮವಾರ ನನಗೆ ರಜೆ... ಎರಡು ತಿಂಗಳ ಮೇಲೆ ಒಂದು.

ಮಾರ್ಚ್ 12, ಮಂಗಳವಾರ

ಇವತ್ತು ಅಕ್ಕನನ್ನು ಮಲಗಿಸಿದ್ದು 'ಬಿರುಗಾಳಿ'. ನನ್ನ ಜೊತೆಯ ಟೆಕ್ನಿಷಿಯನ್‌ಗೆ ನಾವಿಟ್ಟ ಹೆಸರು, ಕೆಲಸ ಹಾಗೆ ಓಡಿಸುತ್ತಾನೆ. ಗೆರೆಗೆ ಲೇಸರ್ ಸರಿಯಾಗಿಯೇ ಕೂಡಿಸಿದ್ದ. ಹೊರಗೆ ಹೊರಟವಳು ತಿರುಗಿ ನೋಡಿದೆ. ಮಚ್ಚೆ! ಅಕ್ಕನ ಎದೆಯ ಪುಟ್ಟ ಮಚ್ಚೆಯ ಆಚೆ ಇರಬೇಕಾದ ಗೆರೆ ಈಚೆ ಬಂದಿದೆ.

"ನಿಲ್ಸು."

"ಹೊರಗೆ ಹನ್ನೆರಡು ಜನ ಕಾಯ್ತಿದಾರೆ ಕಣ್ರೀ. ಮಾರ್ಕ್ ಮೇಲೇ ಇದೆಯಲ್ಲ?"

"ಮಾರ್ಕೇ ತಪ್ಪಿದೆ. ಎಕ್ಸ್‌ರೇ ತೆಗಿ."

ತೆಗೆದ. ಒಂದು ಸೆಂಟಿಮೀಟರಿಗೂ ಹೆಚ್ಚು ಸರಿದಿತ್ತು. ಅಡಿಯಲ್ಲೇ ಹೃದಯ. ನಿನ್ನೆ ಇದೇ ಗೆರೆ ನಂಬಿ ರೇಡಿಯೇಷನ್ ಕೊಟ್ಟಾಗಿದೆ.

ಡಾಕ್ಟರ್ ಬಂದರು. "ಒಂದು ದಿನದ್ದು, ಸರಿಪಡಿಸಬಹುದು. ಆದ್ರೆ ಗೆರೆ ಯಾರು ಬರೆದ್ರು?"

ಅಕ್ಕನ ಕಡೆ ನೋಡಿದೆ. ಹೊದಿಕೆ ಕತ್ತಿನವರೆಗೆ ಎಳೆದುಕೊಂಡರು.

"ನಂಗೇನು ಗೊತ್ತು? ಶುಕ್ರವಾರ ಇವಳೇ ತಿದ್ದಿದ್ದು."

ಭಾವ — ಅಕ್ಕನ ಗಂಡ — ಬಾಗಿಲ ಬಳಿ ನಿಂತು ಕೇಳಿಸಿಕೊಂಡರು.

ಅದೇ ದಿನ, ಸಂಜೆ

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಇವರು ಟಿವಿ ಆಫ್ ಮಾಡಿ ಕೂತಿದ್ದರು.

"ಹಳೇದೆಲ್ಲ ಮನಸ್ಸಲ್ಲಿಟ್ಕೊಂಡು ಏನಾದ್ರೂ..."

"ಏನಾದ್ರೂ ಏನು? ಪೂರ್ತಿ ಹೇಳ್ರೀ."

ಮತ್ತೆ ಟಿವಿ ಹಾಕಿದರು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ, ಅಣ್ಣನ ಮನೆಯಿಂದ ಬಂದ ಸುದ್ದಿಯಾದರೆ.

ಮಾರ್ಚ್ 15

ನನ್ನನ್ನು ಮಷೀನ್‌ನಿಂದ ತೆಗೆದು ಅಪಾಯಿಂಟ್‌ಮೆಂಟ್ ಕೌಂಟರಿಗೆ ಹಾಕಿದರು. "ಮನೆಯವರ ಕೇಸು, ಸ್ವಲ್ಪ ದಿನ ದೂರ ಇರಿ" ಎಂದರು ಡಾಕ್ಟರ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕನಿಗೆ ಹೊಸ ಗೆರೆ ಹಾಕಿದ್ದಾರೆ, ದಿನಾ ಎಕ್ಸ್‌ರೇ ತೆಗೆಯುತ್ತಾರೆ. ಅದಾದರೂ ಆಯಿತು.

ಮಾರ್ಚ್ 20

ಬಟ್ಟೆ ಬದಲಿಸುವ ಕೋಣೆಗೆ ಗೌನ್ ಇಡಲು ಹೋಗಿದ್ದೆ. ಅಕ್ಕ ಒಬ್ಬರೇ. ಬ್ಲೌಸಿನ ಹುಕ್ಕು ಹಾಕಲು ತೋಳು ಬಗ್ಗುತ್ತಿರಲಿಲ್ಲ. ಹೋಗಿ ಹಾಕಿದೆ. ಬೇಡ ಎನ್ನಲಿಲ್ಲ.

"ನಾನೇ ತೊಳ್ದಿದ್ದು ಕಣೆ."

ಬಾಗಿಲು ಮುಚ್ಚಿದೆ.

"ನೀನು ತಿದ್ದಿದ ಮರುದಿನ, ಶನಿವಾರ ರಾತ್ರಿ ಆ ಗೆರೆ ನೋಡಿ ನಿನ್ನ ಭಾವ ದಿಂಬು ಎತ್ಕೊಂಡು ಹಾಲ್‌ಗೆ ಹೋದ್ರು. ಸೋಪು ಹಾಕಿ ಉಜ್ಜಿದೆ. ಬೆಳಿಗ್ಗೆ ಭಯ ಆಯ್ತು. ಕನ್ನಡಿ ನೋಡ್ಕೊಂಡು ಅಂಥದೇ ಪೆನ್ನಲ್ಲಿ ಬರ್ಕೊಂಡೆ."

"ಡಾಕ್ಟರ್ ಹತ್ರ ಹೇಳಿ ಅಕ್ಕ."

"ಯಾಕೆ ತೊಳ್ದ್ರಿ ಅಂತ ಕೇಳ್ತಾರೆ. ನಿನ್ನ ಭಾವ ಪಕ್ಕದಲ್ಲೇ ನಿಂತಿರ್ತಾರೆ. ಏನು ಹೇಳ್ಲಿ?"

"ಮತ್ತೆ ನನ್ನ ಗತಿ?"

ಸೆರಗು ಸರಿಮಾಡಿಕೊಂಡರು. "ನಿನಗೆ ಕೆಲಸ ಹೋಗಿಲ್ವಲ್ಲ," ಎಂದು ಹೊರಟರು.

ಎಷ್ಟು ಸಲೀಸು!

ಮಾರ್ಚ್ 25

ಅಕ್ಕನ ಟ್ರೀಟ್‌ಮೆಂಟ್ ಇವತ್ತಿಗೆ ಮುಗಿಯಿತು. ಭಾವ ಬಿರುಗಾಳಿಯ ಕೈ ಹಿಡಿದು ಕುಲುಕಿದರು, "ನಿಮ್ಮಂಥೋರು ಇರ್ಬೇಕು" ಎಂದರು. ಆಮೇಲೆ ನನ್ನ ಕೌಂಟರಿಗೆ ಬಂದರು.

"ಇನ್ಮೇಲಾದ್ರೂ ಹುಷಾರಾಗಿ ಕೆಲ್ಸ ಮಾಡಮ್ಮ. ಜೀವದ ವಿಷ್ಯ."

ಸಾಲಿನಲ್ಲಿ ನಿಂತ ಪೇಷೆಂಟುಗಳೆಲ್ಲ ನನ್ನನ್ನೇ ನೋಡಿದರು. 'ದಿಂಬು' — ಆ ಒಂದು ಮಾತು ಸಾಕಿತ್ತು. ನಾಲಿಗೆ ತುದಿಯಲ್ಲೇ ಇತ್ತು. ಭಾವನ ಬೆನ್ನ ಹಿಂದೆ ಅಕ್ಕ. ತಲೆ ಅಲ್ಲಾಡಿಸಲಿಲ್ಲ, ಕೈ ಮುಗಿಯಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಯ್ತು ಭಾವ," ಎಂದೆ.

ಅಕ್ಕ ಗಂಡನಿಗಿಂತ ಮುಂದೆ ಬಾಗಿಲು ದಾಟಿದರು. ತಿರುಗಿ ನೋಡಲಿಲ್ಲ.

ಈಗ ಮನೆಯಲ್ಲಿ ಬರೆಯುತ್ತಾ ಕೂತಿದ್ದೇನೆ, ಒಳಗಿನಿಂದ ಇವರು ಊಟಕ್ಕೆ ಕರೆಯುತ್ತಿದ್ದಾರೆ. ಮೂರನೇ ಸಲ. ಹೋಗಬೇಕು. ಆಯ್ತು ಭಾವ ಎಂದ ಬಾಯಿ ಇದು, ಇದಕ್ಕೆ ತುತ್ತು ಬೇರೆ ಕೇಡು.